ನಗೆ ಬಂದಾಗ ಯಂತ್ರ ನಿಲ್ಲಿಸಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಇಲ್ಲಿ ಹೇಳುವುದರಲ್ಲಿ ಕೆಲವು ವಿವರ ತಪ್ಪಿರಬಹುದು. ಅದು ಭಾನುವಾರವೆಂದು ನನ್ನ ನೆನಪು. ನನ್ನ ದಿನಚರಿ ಸೋಮವಾರ ಎನ್ನುತ್ತದೆ. ಟೇಪಿನ ಡಬ್ಬಿಯ ಮೇಲೆ ನನ್ನದೇ ಅಕ್ಷರದಲ್ಲಿ ‘ಮೈಸೂರು ರಾಜ್ಯ’ ಎಂದಿದೆ. ಅದೇ ವಾರದ ದಿನಚರಿಯಲ್ಲಿ ನನ್ನದೇ ಅಕ್ಷರದಲ್ಲಿ ‘ಕರ್ನಾಟಕ’ ಎಂದಿದೆ. ತಾನು ಯಾವ ಹೆಸರಿನ ರಾಜ್ಯದಲ್ಲಿದ್ದೆ ಎಂಬುದೇ ಖಾತ್ರಿಯಿಲ್ಲದವಳ ಮಾತನ್ನು ಎಷ್ಟು ನಂಬಬೇಕೋ ನೀವೇ ನೋಡಿಕೊಳ್ಳಿ. ಒಂದು ಸಂಗತಿಯಲ್ಲಿ ಮಾತ್ರ ನನಗೆ ಸಂಶಯವಿಲ್ಲ. ಆ ಮಧ್ಯಾಹ್ನ ನನ್ನ ಬಲಗೈ ಹೆಬ್ಬೆರಳು ಟೇಪ್ ರೆಕಾರ್ಡರಿನ ಗುಂಡಿಯ ಮೇಲಿತ್ತು. ನಮ್ಮ ಶರಣಪ್ಪ ಕಾಕಾ, ಅಂದರೆ ನನ್ನ ಅಪ್ಪನ ತಮ್ಮ, ಬಾಯಿ ತೆರೆದಾಗೆಲ್ಲ ನಾನು ಅದನ್ನು ಒತ್ತಿ ಯಂತ್ರ ನಿಲ್ಲಿಸಿದೆ.

ಹತ್ತು ವರ್ಷದ ಮೇಲೆ ಇದನ್ನು ಕೆದಕಲು ಕಾರಣ ಕಳೆದ ತಿಂಗಳು ಬಂದ ಒಂದು ಪತ್ರ. ಬರೆದವರು ನನ್ನ ಸಂಶೋಧನೆಗೆ ಮಾರ್ಗದರ್ಶಕರಾಗಿದ್ದ ಪ್ರಾಧ್ಯಾಪಕರು. ಕಲಬುರ್ಗಿಯಲ್ಲಿ ‘ಜಾನಪದದಲ್ಲಿ ಹಾಸ್ಯ’ ಎಂಬ ವಿಚಾರ ಸಂಕಿರಣ ನಡೆಯಲಿದೆಯಂತೆ. ಮುಖ್ಯ ಭಾಷಣ ಅವರದೇ ಅಂತೆ. ನನ್ನ ಟೇಪುಗಳಲ್ಲಿ ಸಾರಥಿಯ ಹಾಸ್ಯ ಧಾರಾಳವಾಗಿ ಇರಲೇಬೇಕಾದ್ದರಿಂದ, ಚೆನ್ನಾಗಿರುವ ಹತ್ತು ನಿಮಿಷವನ್ನು ಆರಿಸಿ ತರಬೇಕಂತೆ. ಸಾಧ್ಯವಾದರೆ ಆ ಕಲಾವಿದರನ್ನೂ ಕರೆತರಬೇಕಂತೆ, ಶಾಲು ಹೊದಿಸಲಾಗುವುದಂತೆ. ಪತ್ರ ಓದುತ್ತ ನಿಂತು ಒಲೆಯ ಮೇಲಿನ ಹಾಲು ಉಕ್ಕಿಸಿದೆ. ಆಮೇಲೆ ಒಲೆ ಒರೆಸುವ ಬಟ್ಟೆಯಲ್ಲೇ ಪತ್ರವನ್ನೂ ಒರೆಸಿದೆ. ಏಕೆಂದರೆ, ‘ನಗೆ ಬಂದಾಗ ಯಂತ್ರ ನಿಲ್ಲಿಸಿ, ಟೇಪು ಉಳಿಸಿ’ ಎಂದು ನನಗೆ ಹೇಳಿಕೊಟ್ಟವರು ಇವರೇ. ಬಾಯಲ್ಲಿ ಹೇಳಿದರೋ, ಚೀಟಿಯಲ್ಲಿ ಬರೆದುಕೊಟ್ಟರೋ ಈಗ ನೆನಪಿಲ್ಲ. ಬರೆದುಕೊಟ್ಟಿದ್ದರೆ, ಆ ಚೀಟಿ ಸಿಕ್ಕರೆ, ಗಾಜು ಹಾಕಿಸಿ ಸಂಕಿರಣದ ವೇದಿಕೆಯ ಮೇಲೆ ತೂಗು ಹಾಕಿಸುತ್ತೇನೆ.

ಬಯಲಾಟ ನೋಡದವರಿಗೆ ಸಾರಥಿ ಯಾರೆಂದು ಹೇಳಬೇಕು. ನಮ್ಮ ಕಡೆಯ ಆಟದಲ್ಲಿ ರಾಜ, ರಾಣಿ, ಮಂತ್ರಿ ಯಾರೇ ಬರಲಿ, ಬಂದ ಕೂಡಲೇ ಕಥೆ ಶುರು ಮಾಡುವ ಹಾಗಿಲ್ಲ. ಸಾರಥಿ ಎಂಬುವನೊಬ್ಬ ಮುಂದೆ ನಿಂತು ಕೇಳುತ್ತಾನೆ: ನೀವು ಯಾರು, ಯಾವ ಊರು, ಇಲ್ಲಿಗೆ ಯಾಕೆ ಬಂದಿರಿ? ರಾಜ ಎದೆಯುಬ್ಬಿಸಿ ಉತ್ತರ ಕೊಡಬೇಕು. ಕೊಟ್ಟ ಉತ್ತರದಲ್ಲಿ ಸಾರಥಿಗೆ ಏನಾದರೊಂದು ಕೊಂಕು ಸಿಕ್ಕೇ ಸಿಗುತ್ತದೆ. ಜನ ನಗುತ್ತಾರೆ. ಅಷ್ಟಾದ ಮೇಲೆಯೇ ರಾಜನಿಗೆ ರಾಜ್ಯ. ಆಟದ ಕೈಬರಹದ ವಹಿಯಲ್ಲಿ ರಾಜನ ಮಾತು ಇರುತ್ತದೆ, ರಾಣಿಯ ಗೋಳು ಇರುತ್ತದೆ, ಪದಗಳೆಲ್ಲ ಇರುತ್ತವೆ. ಸಾರಥಿಯ ಜಾಗದಲ್ಲಿ ‘ಇಲ್ಲಿ ಸಾರಥಿ ಮಾತಾಡುವನು’ ಎಂದಿಷ್ಟೇ ಇರುತ್ತದೆ. ಏನು ಮಾತಾಡುವನು ಎಂಬುದು ಆ ದಿನ ಎದುರಿಗೆ ಕೂತವರು ಯಾರು, ಊರಲ್ಲಿ ಆ ವಾರ ಏನಾಗಿದೆ, ರಾಜ ಎಷ್ಟು ಬೀಗಿದ್ದಾನೆ ಎಂಬುದರ ಮೇಲೆ. ಬರೆದದ್ದು ಇಲ್ಲದ್ದರಿಂದ ಅದು ಸಾಹಿತ್ಯವಲ್ಲ, ಸಾಹಿತ್ಯವಲ್ಲದ್ದರಿಂದ ಬರೆದುಕೊಳ್ಳಬೇಕಾಗಿಲ್ಲ ಎಂಬ ತರ್ಕವನ್ನು ನಾನು ವಿಶ್ವವಿದ್ಯಾಲಯದಲ್ಲಿ ಕಲಿತೆ. ಕಲಿಯಲು ಎರಡು ವರ್ಷ ಹಿಡಿಯಿತು. ನಾನು ಚುರುಕು ವಿದ್ಯಾರ್ಥಿನಿಯೆಂದು ಹೆಸರಾಗಿದ್ದೆ.

ನಮ್ಮ ಸೀಮೆಯಲ್ಲಿ ಕೂತು ಈ ತರ್ಕ ಮಾಡುವುದಕ್ಕೆ ವಿಶೇಷ ಧೈರ್ಯ ಬೇಕು. ಸೇಡಂ ಹತ್ತಿರದ ಮಳಖೇಡ ನಮ್ಮ ಮೂಲ ಊರು. ಈಗ ಅಲ್ಲಿ ಸಿಮೆಂಟು, ಒಂದು ಕಾಲಕ್ಕೆ ರಾಜಧಾನಿ. ಕಾಗಿಣಾ ನದಿಯ ದಂಡೆಯಲ್ಲಿ ಪಂಡಿತರು ಕೂತು ಕಾವ್ಯದ ಗುಣದೋಷ ಎಣಿಸಿದರಂತೆ. ಆ ಹಳೆಯ ಆಲಂಕಾರಿಕರೂ ನಗೆಯನ್ನು ಹೊರಗೆ ಹಾಕಲಿಲ್ಲ. ರಸಗಳ ಪಂಕ್ತಿಯಲ್ಲಿ ಎರಡನೆಯ ಎಲೆಯನ್ನೇ ಹಾಕಿ ಕೂರಿಸಿದರು. ಬಿಳಿ ಬಣ್ಣ ಕೊಟ್ಟರು, ಶಿವನ ಗಣಗಳನ್ನು ಅದಕ್ಕೆ ದೇವತೆ ಮಾಡಿದರು. ಆದರೆ ಬಡಿಸುವಾಗ ಮಾತ್ರ ಕೈ ಬಿಗಿ ಹಿಡಿದರು. ನಗೆಯಲ್ಲಿ ಆರು ಬಗೆ ಮಾಡಿ, ಹಲ್ಲು ಕಾಣದ ಮುಗುಳುನಗೆ ಉತ್ತಮರಿಗೆ, ಸದ್ದು ಮಾಡುವ ನಗೆ ಮಧ್ಯಮರಿಗೆ, ಕಣ್ಣೀರು ಬರುವ ಹಾಗೆ ಪಕ್ಕೆ ಹಿಡಿದು ನಗುವುದು ಅಧಮರಿಗೆ ಎಂದು ಹಂಚಿದರು. ನಾನು ಇದನ್ನು ಬಾಯಿಪಾಠ ಮಾಡಿ ಅಂಕ ಪಡೆದವಳು. ಶಹಾಬಾದಿನ ಖಣಿಯಲ್ಲಿ ಕಲ್ಲು ಹೊತ್ತು ಬಂದ ನಮ್ಮ ಚಿಗವ್ವ, ಶರಣಪ್ಪ ಕಾಕಾನ ಹೆಂಡತಿ, ಸೆರಗು ಬಾಯಿಗೆ ತುರುಕಿಕೊಂಡು ಕಣ್ಣೀರು ಸುರಿಸಿ ನಗುವುದನ್ನು ಕಂಡಾಗ, ‘ಇವಳು ಆರನೆಯ ಬಗೆ’ ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡ ಮೂರ್ಖಳೂ ನಾನೇ.

ಈ ರೋಗ ನನ್ನೊಬ್ಬಳದಲ್ಲ. ಪತ್ರಿಕೆಗಳಲ್ಲಿ ವಿಮರ್ಶೆ ಓದಿ ನೋಡಿ. ‘ಗಂಭೀರ ಕೃತಿ’ ಎಂದರೆ ಮೆಚ್ಚುಗೆ. ‘ಲಘುವಾಗಿದೆ’ ಎಂದರೆ ಬೈಗುಳ. ಬೇಸರ ತರಿಸಿದ ಪುಸ್ತಕಕ್ಕೆ ‘ಓದುಗನಿಂದ ತಾಳ್ಮೆ ಬೇಡುತ್ತದೆ’ ಎಂಬ ಶಾಲು. ನಾಟಕದಲ್ಲಿ ಹಾಸ್ಯ ಯಾಕಿದೆ ಎಂದು ಕೇಳಿದರೆ ನಮ್ಮ ಪಾಠದಲ್ಲಿ ಸಿದ್ಧ ಉತ್ತರವೊಂದಿತ್ತು: ಪ್ರೇಕ್ಷಕನಿಗೆ ಬಿಡುವು ಕೊಡಲು. ಎಷ್ಟು ಚಂದ! ಶಾಲೆಯ ಗಂಟೆ ಬಾರಿಸಿ ಮಕ್ಕಳನ್ನು ಹೊರಗೆ ಬಿಟ್ಟ ಹಾಗೆ, ಈಗ ನಕ್ಕು ಬನ್ನಿ, ಆಮೇಲೆ ಒಳಗೆ ಬಂದು ಸುಮ್ಮನೆ ಕೂತು ಅಳಿ. ನಾನೂ ಮೂರು ಪರೀಕ್ಷೆಗಳಲ್ಲಿ ಹೀಗೆಯೇ ಬರೆದೆ. ಮುಖ ಗಂಟು ಹಾಕಿಕೊಂಡವನೇ ವಿಚಾರವಂತ ಎಂದು ನಂಬುವ ಒಂದು ಇಡೀ ಇಲಾಖೆ ನಮ್ಮನ್ನು ತಯಾರು ಮಾಡಿತು. ಅಲ್ಲಿ ಎರಡು ವರ್ಷದಲ್ಲಿ ಯಾರಾದರೂ ನಕ್ಕದ್ದು ನನಗೆ ನೆನಪಾಗುತ್ತಿಲ್ಲ. ಇಲ್ಲ, ಒಮ್ಮೆ ಒಂದು ಕೋತಿ ಒಳಗೆ ಬಂದಿತ್ತು.

ಇರಲಿ, ಆ ಮಧ್ಯಾಹ್ನಕ್ಕೆ ಬರುತ್ತೇನೆ. ನನ್ನ ಸಂಶೋಧನೆಯ ವಿಷಯ ‘ಸೇಡಂ ಸೀಮೆಯ ಬಯಲಾಟಗಳಲ್ಲಿ ದುರಂತಪ್ರಜ್ಞೆ’. ಮಳಖೇಡ ಕಡೆಯಿಂದ ಶಹಾಬಾದಿಗೆ ಬಂದು ಖಣಿಯಲ್ಲಿ ಫರ್ಸಿ, ಅಂದರೆ ನೆಲಕ್ಕೆ ಹಾಸುವ ಕಲ್ಲು, ತೆಗೆಯುವ ಕೆಲಸಕ್ಕೆ ನಿಂತವರದೇ ಒಂದು ಆಟದ ತಂಡ ಇತ್ತು. ಕಾಕಾ ಅದರ ಸಾರಥಿ. ಯಂತ್ರಕ್ಕೆ ಕರೆಂಟು ಬೇಕಾದ್ದರಿಂದ, ರಜೆಯ ದಿನ ಕಲ್ಲು ಕೊಯ್ಯುವ ಶೆಡ್ಡಿನಲ್ಲಿ ಹಗಲು ಹೊತ್ತಿನಲ್ಲೇ ಆಟ ಆಡಿಸಿ ಟೇಪ್ ಮಾಡುವುದೆಂದು ಗೊತ್ತಾಯಿತು. ಬರೀ ಧ್ವನಿ ಸಾಕು, ವೇಷ ಬೇಡ ಎಂದು ನಾನು ಹೇಳಿದ್ದೆ. ರಾಜನ ಪಾತ್ರದ ಮಹಬೂಬಸಾಬ, ಖಣಿಯಲ್ಲಿ ಕಾಕಾನ ಜೊತೆ ಸುತ್ತಿಗೆ ಹಿಡಿಯುವವರು, ಒಪ್ಪಲಿಲ್ಲ.

“ಕಿರೀಟಿಲ್ದ ನನ್ನ ಬಾಯಾಗ ರಾಜ ಬರಂಗಿಲ್ರಿ ಅಕ್ಕೋರೆ. ಬರೇ ಮಹಬೂಬ ಬರ್ತಾನ.”

ಕಿರೀಟ ಬಂತು, ಎದೆಗೆ ಕಟ್ಟುವ ಹಲಗೆಯೂ ಬಂತು. ವೇಷ ಬಂದ ಮೇಲೆ ಜನ ಬರದಿರುತ್ತಾರೆಯೇ? ಖಣಿಯ ಹೆಂಗಸರು ಕೊಯ್ದ ಕಲ್ಲಿನ ರಾಶಿಯ ಮೇಲೆಲ್ಲ ಹತ್ತಿ ಕೂತರು. ಕಾಕಾ ಯಂತ್ರದ ಸುತ್ತ ಎರಡು ಸುತ್ತು ಹಾಕಿದ.

“ಸುಶೀ, ಇದು ಕೇಳ್ತದ ಅಂತಿ. ಕೇಳಿ ನಗ್ತದೇನು?”

“ಮಷೀನ ಹೆಂಗ ನಗ್ತದ ಕಾಕಾ?”

“ಹಂಗಾದ್ರ ಇದೂ ಪ್ರೊಫೆಸರೇ ಬಿಡು.”

ನಾನು ನಕ್ಕೆನೋ ಇಲ್ಲವೋ ನೆನಪಿಲ್ಲ. ನಕ್ಕಿದ್ದರೂ ಹಲ್ಲು ಕಾಣದ ಹಾಗೆ ನಕ್ಕಿರುತ್ತೇನೆ.

ನನ್ನ ಬಳಿ ಇದ್ದದ್ದು ನಾಲ್ಕು ಸುರುಳಿ ಟೇಪು. ಆಟ ಮುಗಿಯಲು ಅದು ಸಾಲದು. ಆದ್ದರಿಂದ ಮಾರ್ಗದರ್ಶಕರ ಸೂತ್ರ: ರಾಜ ಮಾತಾಡಿದರೆ ಒತ್ತು, ಸಾರಥಿ ಬಂದರೆ ನಿಲ್ಲಿಸು. ಮಹಬೂಬಸಾಬ ಎದೆಯುಬ್ಬಿಸಿ ಪ್ರವೇಶ ಮಾಡಿದರು. ಕಾಕಾ ಕೈಯಲ್ಲಿ ಬಡಿಗೆ ಹಿಡಿದು ಮುಂದೆ ಬಂದ. ನಾನು ಯಂತ್ರ ನಿಲ್ಲಿಸಿದೆ. ಕಾಕಾ ರಾಜನನ್ನು ಒಂದು ಸುತ್ತು ನೋಡಿ, ಎದೆಯ ಹಲಗೆಯ ಮೇಲೆ ಬಡಿಗೆಯಿಂದ ಎರಡು ಸಲ ಬಡಿದು, ಕಿವಿ ಹಚ್ಚಿದ. ಶಹಾಬಾದಿನಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಖಣಿಯಿಂದ ಎಬ್ಬಿಸಿದ ಪ್ರತಿ ಫರ್ಸಿಯನ್ನೂ ಹಾಗೆ ಬಡಿದೇ ನೋಡುತ್ತಾರೆ. ಗಟ್ಟಿ ಕಲ್ಲು ಟಣ್ಣನೆ ದನಿ ಕೊಡುತ್ತದೆ. ಒಳಗೆ ಬಿರುಕಿದ್ದರೆ ದನಿ ಸತ್ತಿರುತ್ತದೆ, ಮೇಲೆ ಎಷ್ಟು ನುಣುಪಾಗಿದ್ದರೂ ಬದಿಗೆ ಒಗೆಯುತ್ತಾರೆ. ಕಿವಿ ತೆಗೆದು ಕಾಕಾ ಏನೋ ಒಂದು ಮಾತು ಹೇಳಿದ. ಶೆಡ್ಡಿನ ತಗಡು ಹಾರಿಹೋಗುವ ಹಾಗೆ ಜನ ನಕ್ಕರು. ರಾಜ ಮಾತು ಶುರು ಮಾಡುವ ಹೊತ್ತಿಗೆ ನಾನು ಮತ್ತೆ ಗುಂಡಿ ಒತ್ತಿದೆ.

ಆ ಮಾತು ಏನು? ಚಿಗವ್ವನ ಪ್ರಕಾರ: “ಫರ್ಸಿ ಛಲೋ ಅದ, ಒಯ್ದು ಬಚ್ಚಲಿಗಿ ಹಾಕ್ರಿ.” ಮಹಬೂಬಸಾಬ ಹೇಳಿದ ಪ್ರಕಾರ: “ದನಿ ಭಾಳ ಅದ, ಒಳಗ ಯಾರೂ ಇಲ್ಲ.” ನನ್ನ ತಲೆಯಲ್ಲಿ ಇರುವುದೇ ಬೇರೆ, ಅದನ್ನು ಬರೆಯುವುದಿಲ್ಲ. ಹತ್ತು ವರ್ಷದಲ್ಲಿ ಅದನ್ನು ನಾನೇ ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ಟೇಪಿನಲ್ಲಿ ಇರುವುದು ಇಷ್ಟು: ರಾಜನ ಹೆಜ್ಜೆಯ ತಾಳ, ಗುಂಡಿಯ ಟಕ್ ಎಂಬ ಸದ್ದು, ನಗೆಯ ಬಾಲ, ಮತ್ತೆ ರಾಜ. ನಾಲ್ಕು ಸುರುಳಿಯ ತುಂಬ ಹೀಗೆಯೇ. ಯಾವುದಕ್ಕೆ ನಕ್ಕರು ಎಂಬುದು ಎಲ್ಲಿಯೂ ಇಲ್ಲ. ಬಾಗಿಲಾಚೆ ಮದುವೆ ನಡೆದಿದೆ, ಒಳಗೆ ಬಿಡುತ್ತಿಲ್ಲ ಎಂಬ ಹಾಗೆ.

ಪ್ರಬಂಧ ಒಪ್ಪಿತವಾಯಿತು, ಪುಸ್ತಕವೂ ಆಯಿತು. ಒಂದು ಪ್ರತಿಯನ್ನು ಕಾಕಾನಿಗೆ ಕೊಟ್ಟೆ. ಕಾಕಾನಿಗೆ ಸಹಿಯಷ್ಟು ಓದು. ಎರಡೂ ಕೈಯಲ್ಲಿ ಹಿಡಿದು ತೂಗಿ ನೋಡಿದ.

“ಇದರಾಗ ನಾ ಎಲ್ಲಿ ಬರ್ತೀನಿ?”

“ಮುನ್ನುಡಿಯಾಗ ಅದ ಕಾಕಾ, ನಿನ್ನ ಹೆಸರು.”

“ಹೆಸರಲ್ಲವ್ವಾ. ನಾ.”

ನಾನು ಏನೋ ಹೇಳಿ ಮಾತು ತಪ್ಪಿಸಿದೆ. ಆ ಮುನ್ನೂರು ಪುಟದ ಪುಸ್ತಕದಲ್ಲಿ ಕಾಕಾನ ಕಲೆಯ ಬಗ್ಗೆ ಒಂದೇ ಒಂದು ವಾಕ್ಯ ಇದೆ: ‘ನಡುನಡುವೆ ಸಾರಥಿಯ ಹಾಸ್ಯವಿರುತ್ತದೆ.’ ಅದೂ ಅಡಿಟಿಪ್ಪಣಿಯಲ್ಲಿ. ಹುಣಸೆ ಚಟ್ನಿಯೂ ಇರುತ್ತದೆ ಎಂಬ ಹಾಗೆ. ಆದರೆ ಕಾಕಾ ಪುಸ್ತಕ ನಂಬಿರಲೇ ಇಲ್ಲ, ಟೇಪನ್ನು ನಂಬಿದ್ದ. ಶಹಾಬಾದಿನ ಸ್ಟೇಷನ್ ಎದುರಿನ ಚಹಾದಂಗಡಿಯಲ್ಲಿ ಅವನು ಹೇಳುವ ಮಾತನ್ನು ನನಗೆ ನಾಲ್ಕು ಮಂದಿ ಬೇರೆ ಬೇರೆಯಾಗಿ ಹೇಳಿದ್ದಾರೆ, ನಾಲ್ಕೂ ಒಂದೇ ರೀತಿ ಇದ್ದದ್ದರಿಂದ ನಂಬುತ್ತೇನೆ: “ನಂದು ದನಿ ಯುನಿವರ್ಸಿಟಿ ಬೀರುದಾಗ ಅದ. ನಾ ಸತ್ರೂ ಅದು ಮಾತಾಡ್ತದ.”

ಇದಕ್ಕಿಂತ ದೊಡ್ಡ ಪೆಟ್ಟು ನಾಲ್ಕೈದು ವರ್ಷದ ಮೇಲೆ ಬಿತ್ತು. ಕಾಲೇಜಿನ ಕೆಲಸಕ್ಕೆಂದು ವಾಡಿಗೆ ಹೊರಟಿದ್ದೆ. ರೈಲಿನಲ್ಲಿ ಮಹಬೂಬಸಾಬ ಸಿಕ್ಕರು. ಕೆಮ್ಮು ಹೆಚ್ಚಾಗಿತ್ತು, ಖಣಿ ಬಿಟ್ಟಿದ್ದರು. ಎದುರಿನ ಸೀಟು ಖಾಲಿ ಮಾಡಿಸಿ, “ಬರ್ರಿ, ಇಲ್ಲಿ ಕುಂದ್ರಿ ಅಕ್ಕೋರೆ” ಎಂದರು. ಆಮೇಲೆ ಶುರು ಮಾಡಿದರು.

“ಒಂದು ಮಾತು ಹೇಳ್ತೀನಿ, ಸಿಟ್ಟಿಗೇಳಬ್ಯಾಡ್ರಿ. ನಿಮ್ಮ ಬುಕ್ಕಿನಾಗ ನಂದು ತಾರೀಫ ಭಾಳ ಮಾಡೀರಿ. ನಮ್ಮ ಮಗಳು ಓದಿ ಹೇಳಿದಳು. ರಾಜನ ಮಾತಿಗಿ ಹೆಣ್ಮಕ್ಕಳೆಲ್ಲ ಅತ್ರು ಅಂತ ಬರ್ದೀರಂತ. ಅದು ಗಲತ್ ಅದರಿ.”

“ಅತ್ತಿದ್ದು ಟೇಪಿನಾಗ ಅದಲ್ಲ ಚಾಚಾ. ನೀವು ಮಗನ್ನ ಅಡವಿಗಿ ಕಳಸ್ತೀರಿ, ಅದರ ಹಿಂದೇ ಅಳು ಕೇಳ್ತದ.”

“ಅತ್ತಿದ್ದು ಖರೆ. ಅಳಿಸಿದವ ನಾ ಅಲ್ಲ. ಹೆಂಡ್ತಿ ಚಾಡಿ ಕೇಳಿ ಮಗನ್ನ ಅಡವಿಗಿ ಅಟ್ರಿ ಅಂತ ನಾ ಹುಕುಂ ಕೊಟ್ಟೆ. ಜನ ಸುಮ್ಮ ಕುಂತಿದ್ರು. ನಿಮ್ಮ ಕಾಕಾ ಬಂದ. ಮೊದಲಿನಂಗೇ ನನ್ನ ಎದಿ ಮ್ಯಾಲ ಎರಡು ಸಲ ಬಡದ, ಕಿವಿ ಹಚ್ಚಿದ. ಈಗ ಏನರೆ ಅಂತಾನ, ನಗೂಣು ಅಂತ ಎಲ್ಲಾರೂ ಬಾಯಿ ತಕ್ಕೊಂಡು ಕುಂತಾರ. ಅಂವ ಭಾಳ ಹೊತ್ತು ಕಿವಿ ತೆಗೀಲಿಲ್ಲ. ಆಮ್ಯಾಲ ಏನೂ ಅನ್ನಲಿಲ್ಲ. ಬಡಿಗಿ ನನ್ನ ಕಾಲ ಮುಂದ ಇಟ್ಟು ಹೋಗಿಬಿಟ್ಟ. ಆಗ ಹತ್ತಿದ್ದು ನೋಡ್ರಿ ಅಳು.” ಅವರು ಕಿಟಕಿಯ ಕಡೆ ತಿರುಗಿ ಕೆಮ್ಮಿದರು. “ನನಗೇ ಅಂಜಿಕಿ ಬಂತ್ರಿ, ಎದಿ ಖರೇನೇ ಒಡೀತೇನೋ ಅಂತ.”

ನಾನು ಎಲ್ಲಿದ್ದೆ ಆಗ? ಅಲ್ಲೇ, ಐದು ಮಾರು ದೂರ. ಕಾಕಾ ಬರುವುದು ಕಂಡ ಕೂಡಲೇ ಗುಂಡಿ ಒತ್ತಿ, ತಲೆ ತಗ್ಗಿಸಿ, ಸುರುಳಿಯಲ್ಲಿ ಟೇಪು ಎಷ್ಟು ಉಳಿದಿದೆ ಎಂದು ನೋಡುತ್ತಿದ್ದೆ. ಅಳು ಕೇಳಿದ ಮೇಲೆ, ಓಹೋ ಗಂಭೀರ ಘಟ್ಟ ಬಂತು ಎಂದು ಮತ್ತೆ ಒತ್ತಿದೆ. ದುರಂತಪ್ರಜ್ಞೆಯನ್ನು ಹುಡುಕಿಕೊಂಡು ವಿಶ್ವವಿದ್ಯಾಲಯದ ಖರ್ಚಿನಲ್ಲಿ ಬಂದವಳು ನಾನು. ಅದು ನನ್ನ ಮುಂದೆಯೇ ಹಾದುಹೋಯಿತು. ನಗಿಸುವವನ ವೇಷದಲ್ಲಿ ಬಂದದ್ದರಿಂದ ಗುರುತು ಸಿಗಲಿಲ್ಲ. ಮಾತಿಲ್ಲದ ಆ ಗಳಿಗೆಯನ್ನು ಟೇಪು ಹಿಡಿಯಲಾರದು, ಸರಿ. ಕಣ್ಣು ಹಿಡಿಯಬಹುದಿತ್ತು. ಆಮೇಲೆ ಮನೆಗೆ ಬಂದು, ಟೇಪು ಕೇಳಿ, ‘ರಾಜನ ಮಾತಿನ ಗಾಂಭೀರ್ಯಕ್ಕೆ ಪ್ರೇಕ್ಷಕರು ಕಣ್ಣೀರಾದರು’ ಎಂದು ನಾಲ್ಕು ಪುಟ ಬರೆದೆ. ಆ ನಾಲ್ಕು ಪುಟವನ್ನು ಈಗ ಇಬ್ಬರು ಬೇರೆ ಸಂಶೋಧಕರು ಆಧಾರವಾಗಿ ಬಳಸಿಕೊಂಡಿದ್ದಾರೆ. ಸುಳ್ಳಿಗೂ ಮೊಮ್ಮಕ್ಕಳಾದರು. ನನ್ನ ತಪ್ಪನ್ನು ತಿದ್ದಿದವರು ಯಾವ ಪರೀಕ್ಷಕರೂ ಅಲ್ಲ. ತನಗೆ ಸಿಕ್ಕ ಹೊಗಳಿಕೆಯನ್ನು ಇದು ನನ್ನದಲ್ಲ ಎಂದು ವಾಪಸು ಕೊಟ್ಟ ಒಬ್ಬ ಕಲ್ಲುಕುಟಿಗ. ಅಂಥ ವಿಮರ್ಶಕರನ್ನು ನಾನು ನಮ್ಮ ಇಲಾಖೆಯಲ್ಲಿ ಕಾಣಲಿಲ್ಲ.

ಆ ಸಾರಥಿಯ ಮಾತುಗಳನ್ನು ಈಗಲಾದರೂ ಬರೆದುಕೊಳ್ಳೋಣವೆಂದು ಎರಡು ಮೂರು ಸಲ ಪ್ರಯತ್ನಪಟ್ಟೆ. ಅಷ್ಟರಲ್ಲಿ ಮಹಬೂಬಸಾಬ ತೀರಿಕೊಂಡರು. ರಾಜನಿಲ್ಲದೆ ಸಾರಥಿಗೆ ಮಾತು ಹುಟ್ಟುವುದಿಲ್ಲ. ನಾನೇ ವಹಿ ಹಿಡಿದು ರಾಜನ ಮಾತು ಓದಿದೆ. ಕಾಕಾ ಮರ್ಯಾದೆಯಿಂದ ಒಂದು ಪುಟ ಕೇಳಿದ.

“ಬ್ಯಾಡ ಬಿಡವ್ವ. ನೀ ಹಾಜರಿ ಕರದಂಗ ಆಗ್ತದ.”

ಪ್ರಾಧ್ಯಾಪಕರ ಪತ್ರ ಬಂದ ಮೇಲೆ ನನಗೆ ಮೊದಲು ಹೊಳೆದದ್ದು ಒಂದು ದುಷ್ಟ ಯೋಚನೆ, ಅದನ್ನು ನಾನಿನ್ನೂ ಬಿಟ್ಟಿಲ್ಲ. ಹತ್ತು ನಿಮಿಷ ಆರಿಸಿ ತನ್ನಿ ಎಂದಿದ್ದಾರಲ್ಲ, ತರುತ್ತೇನೆ. ಬರೀ ಆ ಟಕ್ ಟಕ್‌ಗಳನ್ನೂ ನಗೆಯ ಬಾಲಗಳನ್ನೂ ಒಂದರ ಹಿಂದೆ ಒಂದು ಜೋಡಿಸಿ ಹತ್ತು ನಿಮಿಷ ಕೇಳಿಸುತ್ತೇನೆ. ಅದರ ಮೇಲೆ ಅವರು ಭಾಷಣ ಮಾಡಲಿ. ಹಾಸ್ಯಕ್ಕೆ ಈಗ ಮರ್ಯಾದೆ ಬಂದಿದೆಯಂತೆ, ಸಂಕಿರಣ ಮಾಡುವಷ್ಟು. ಹಾಸ್ಯದ ಬಗ್ಗೆ ಎಂಟು ಪ್ರಬಂಧ ಮಂಡನೆಯಾಗುತ್ತವೆ. ಎಂಟೂ ಗಂಭೀರವಾಗಿರುತ್ತವೆ. ಇಂದು ಶಾಲು ಹೊದಿಸುವ ಕೈಗಳೇ ಅಂದು ಬಾಯಿ ಮುಚ್ಚಿಸಿದವು ಎಂದು ಎದ್ದು ನಿಂತು ಹೇಳಬೇಕೆಂದು ನನ್ನ ಮೈಯೆಲ್ಲ ಉರಿಯುತ್ತದೆ. ಹೇಳುವಾಗ ಅವುಗಳಲ್ಲಿ ಒಂದು ಕೈ ನನ್ನದು ಎಂಬುದನ್ನೂ ಹೇಳಬೇಕು. ಸಿಟ್ಟು ಅಲ್ಲಿಗೆ ಬಂದು ತೊಡರುತ್ತದೆ.

ಏಕೆಂದರೆ ಮೊದಲ ಸಾಲಿನಲ್ಲಿ ಕಾಕಾ ಕೂತಿರುತ್ತಾನೆ. ಪತ್ರದ ಸುದ್ದಿಯನ್ನು ನಾನು ಹೇಳುವ ಮೊದಲೇ ಯಾರೋ ಹೇಳಿಬಿಟ್ಟಿದ್ದರು. ನಾನು ಶಹಾಬಾದಿಗೆ ಹೋದಾಗ ಬಿಳಿ ಅಂಗಿ ಇಸ್ತ್ರಿಯಾಗಿ ಗೂಟಕ್ಕೆ ತೂಗುತ್ತಿತ್ತು.

“ಟೇಪ ಹಾಕ್ತಾರಂತೇನು? ಎಲ್ಲಾರ ಮುಂದ?” ಎಂದು ಕೇಳಿದ.

“ಹಾಕ್ಲಿ,” ಎಂದಳು ಚಿಗವ್ವ. “ಇಷ್ಟು ವರ್ಷ ಕೇಳಿ ಕೇಳಿ ನನ್ನ ಕಿವಿ ಹೋಗ್ಯಾವ. ಈಗ ಅವ್ರವು ಹೋಗ್ಲಿ.”

ಕಾಕಾ ನಕ್ಕ. ನಾನು ಅವನ ಮುಖ ನೋಡುತ್ತ ಲೆಕ್ಕ ಹಾಕುತ್ತಿದ್ದೆ. ತನ್ನ ದನಿ ಟೇಪಿನಲ್ಲಿ ಇಲ್ಲವೆಂದು ಅವನಿಗೆ ಅಂದೇ ಗೊತ್ತಿದ್ದರೆ, ಹತ್ತು ವರ್ಷ ಚಹಾದಂಗಡಿಯಲ್ಲಿ ಅವನು ಹೇಳಿದ್ದು ನನ್ನ ಮಾನ ಕಾಯಲು ಹೇಳಿದ ಸುಳ್ಳು. ಗೊತ್ತಿಲ್ಲದಿದ್ದರೆ, ಬೀರುವಿನಲ್ಲಿ ತನ್ನ ದನಿ ಇದೆಯೆಂದು ನಂಬಿದ ಮನುಷ್ಯನಿಗೆ ನಾನು ಈಗ ಬೀರು ತೆರೆದು ತೋರಿಸಬೇಕು. ಯಾವುದು ಹೆಚ್ಚು ನಾಚಿಕೆಗೇಡು ಎಂದು ತಿಳಿಯಲಿಲ್ಲ. ಚಿಗವ್ವ ಒಳಗೆ ಹೋದದ್ದೇ ಕೇಳಿಬಿಟ್ಟೆ. ಅವನು ನನ್ನನ್ನು ನೋಡಿದ, ಸಿಟ್ಟಿನಿಂದಲ್ಲ. ಎದ್ದು ಹೋಗಿ ಆ ಅಂಗಿಯ ಕಾಲರು ಸರಿಮಾಡಿ ನಿಂತ. ನನ್ನ ರೈಲಿಗೆ ಹೊತ್ತಾಯಿತು.

ಸಂಕಿರಣ ಬರುವ ವಾರ. ಈ ನಡುವೆ ಎರಡು ಪತ್ರ ಬರೆದೆ, ಚಿಗವ್ವ ಯಾರಿಂದಲೋ ಬರೆಸಿದ ಕ್ಷೇಮಸಮಾಚಾರ ಬಂತು, ಅಷ್ಟೇ. ಅಂದು ನಾನು ಕಾಕಾನಿಗೆ ಕೇಳಿದ ಪ್ರಶ್ನೆ ದಿನಚರಿಯಲ್ಲಿದೆ, ಅದೇ ದಿನ ರೈಲಿನಲ್ಲಿ ಕೂತು ಬರೆದುಕೊಂಡದ್ದು, ಆದ್ದರಿಂದ ಇಲ್ಲಿ ತಪ್ಪಿಲ್ಲ:

“ಕಾಕಾ, ಆವತ್ತು ನೀ ಬಾಯಿ ತೆರದಾಗೊಮ್ಮೆ ನಾ ಮಷೀನ ಬಂದ್ ಮಾಡ್ತಿದ್ದೆ. ನೀ ನೋಡಿದ್ದೇನು?”